ಹತ್ತೊಂಬತ್ತರ ತಪ್ಪು, ಜೀವಮಾನದ ಕಲೆ

ಮೈಸೂರಿನ ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳಲ್ಲಿ ಕಾಲೇಜಿನಿಂದ ನ್ಯಾಯಾಲಯಕ್ಕೆ ನಡೆದೇ ಹೋಗಬಹುದು. ಮಹಾರಾಜ, ಯುವರಾಜ ಕಾಲೇಜುಗಳಿಗೂ ಕೋರ್ಟಿಗೂ ಅಷ್ಟೇ ಅಂತರ. ಆದರೆ ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಅಲ್ಲಿಂದ ವಾಪಸು ಬರುವ ದಾರಿ ಮಾತ್ರ ಬಲು ದೂರ.

ಈಚೆಗೆ ಕೋರ್ಟಿನ ಆವರಣದಲ್ಲಿ ಹುಣಸೂರು ಕಡೆಯ ಹುಡುಗನೊಬ್ಬ ಸಿಕ್ಕಿದ್ದ. ಕೈಯಲ್ಲಿ ಸರ್ಕಾರಿ ಕೆಲಸದ ಪರಿಶೀಲನಾ ನಮೂನೆ. ಎಲ್ಲ ಕಲಂಗಳನ್ನೂ ದುಂಡಗೆ ತುಂಬಿದ್ದ, ಒಂದನ್ನು ಬಿಟ್ಟು. ‘ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ದಾಖಲಾಗಿತ್ತೇ?’ ಅಲ್ಲಿ ಪೆನ್ಸಿಲಿನಲ್ಲಿ ‘ಇಲ್ಲ’ ಎಂದು ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕಾಗದ ಸವೆದು ತೆಳ್ಳಗಾಗಿತ್ತು.

ಹತ್ತೊಂಬತ್ತರ ವಯಸ್ಸಿನಲ್ಲಿ, ಹಾಸ್ಟೆಲಿನಲ್ಲಿದ್ದಾಗ, ಬಸ್ಸಿನ ಸೀಟಿಗಾಗಿ ಶುರುವಾದ ಮಾತು ಹೊಡೆದಾಟಕ್ಕೆ ತಿರುಗಿತ್ತು. ಕೇಸಾಯಿತು. ‘ತಪ್ಪೊಪ್ಕೊಂಡು ದಂಡ ಕಟ್ಬಿಡಪ್ಪ, ಇವತ್ತೇ ಮುಗಿದೋಗತ್ತೆ’ ಎಂದು ಯಾರೋ ಹೇಳಿದರು. ಮರುವಾರ ಪರೀಕ್ಷೆ ಇತ್ತು, ಊರಲ್ಲಿ ಅಪ್ಪನಿಗೆ ಗೊತ್ತಾಗಬಾರದಿತ್ತು. ದಂಡ ಕಟ್ಟಿದ, ಮುಗಿಯಿತೆಂದುಕೊಂಡ. ಅದು ದಂಡವಷ್ಟೇ ಅಲ್ಲ, ಶಿಕ್ಷೆಯಾದ ದಾಖಲೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇದೇ ತಪ್ಪು ಹದಿನೇಳರಲ್ಲಿ ಆಗಿದ್ದರೆ? 2015ರ ಬಾಲನ್ಯಾಯ ಕಾಯ್ದೆ ಮಕ್ಕಳಿಗೆ ಹೊಸ ಬದುಕಿನ ಹಕ್ಕನ್ನೇ ಕೊಟ್ಟಿದೆ. ಅದರ 24ನೇ ಕಲಂ ಪ್ರಕಾರ ಆ ತಪ್ಪಿನಿಂದ ಯಾವ ಅನರ್ಹತೆಯೂ ಅಂಟಬಾರದು, ನಿಗದಿತ ಅವಧಿಯ ನಂತರ ದಾಖಲೆಯನ್ನು ನಾಶಪಡಿಸಬೇಕು. ಹದಿನಾರು ದಾಟಿದವರು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ಎದುರಿಸಿ ತಪ್ಪಿತಸ್ಥರೆಂದಾದರೆ ಮಾತ್ರ ಈ ರಕ್ಷಣೆ ಇಲ್ಲ. ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಹೊರಗೆ ಹೇಳಕೂಡದು ಎನ್ನುತ್ತದೆ 74ನೇ ಕಲಂ. ಇಷ್ಟು ಕರುಣೆಯ ಕಾನೂನು ಹದಿನೆಂಟನೇ ಹುಟ್ಟುಹಬ್ಬದ ಬೆಳಗ್ಗೆ ಬಾಗಿಲು ಹಾಕಿಕೊಳ್ಳುತ್ತದೆ. ಪಿಯುಸಿ ಮುಗಿಸಿ ಡಿಗ್ರಿಗೆ ಕಾಲಿಟ್ಟ ಹುಡುಗ ಒಂದೇ ರಾತ್ರಿಯಲ್ಲಿ ದೊಡ್ಡವನಾಗಿಬಿಡುತ್ತಾನೆಯೇ?

ಆಗುವುದಿಲ್ಲ ಎಂಬುದು ನಮ್ಮ ಕಾನೂನಿಗೂ ಗೊತ್ತಿದೆ. ಇಪ್ಪತ್ತೊಂದು ತುಂಬದವರನ್ನು, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಲ್ಲದಿದ್ದರೆ, ಬೇರೆ ದಾರಿಯೇ ಇಲ್ಲದ ಹೊರತು ಜೈಲಿಗೆ ಕಳಿಸಬಾರದು ಎಂದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಹೇಳಿದೆ. ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟವರಿಗೆ ಶಿಕ್ಷೆಯ ಅನರ್ಹತೆ ತಟ್ಟಬಾರದು ಎನ್ನುವ 12ನೇ ಕಲಮೂ ಅದರಲ್ಲಿದೆ. ಆದರೆ ಅದನ್ನು ಕೇಳಿ ಪಡೆಯಬೇಕು. ದಂಡ ಕಟ್ಟಿ ಓಡಿಬರುವ ಅವಸರದಲ್ಲಿ ಯಾರು ಕೇಳುತ್ತಾರೆ? ಸಣ್ಣಪುಟ್ಟ ಹೊಡೆದಾಟದಲ್ಲಿ ಪೆಟ್ಟು ತಿಂದವನೊಡನೆ ರಾಜಿಯಾದರೆ ಅದು ಖುಲಾಸೆಗೆ ಸಮ ಎಂಬುದೂ ಎಷ್ಟೋ ಮಕ್ಕಳಿಗೆ ತಿಳಿಯದು.

ಪರಿವೀಕ್ಷಣೆಯ ಮೇಲೆ ಬಿಟ್ಟರೂ ದಾಖಲೆ ಮಾತ್ರ ಅಳಿಯುವುದಿಲ್ಲ. ವಯಸ್ಕರ ಹಳೆಯ ಸಣ್ಣ ಅಪರಾಧಕ್ಕೆ ಮುದ್ರೆ ಹಾಕಿ ಒಳಗಿಡುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಬ್ರಿಟನ್ 1974ರಲ್ಲೇ ಇಂಥ ಕಾಯ್ದೆ ಮಾಡಿತು: ನಿಗದಿತ ಕಾಲ ನೆಟ್ಟಗೆ ಬಾಳಿದರೆ ಹಳೆಯ ಶಿಕ್ಷೆ ಸವೆದುಹೋಯಿತೆಂದೇ ಲೆಕ್ಕ, ಬಹುಪಾಲು ಕೆಲಸಗಳಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ನಮ್ಮಲ್ಲಿ ಎಲ್ಲವೂ ಮೇಜಿನ ಹಿಂದೆ ಕೂತವರ ವಿವೇಚನೆಗೆ ಬಿಟ್ಟದ್ದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಬಚ್ಚಿಟ್ಟಿದ್ದರೂ ನೇಮಕ ಮಾಡುವವರು ಅದನ್ನು ಮನ್ನಿಸಬಹುದು ಎಂದಿತು. ಮನ್ನಿಸಬಹುದು, ಅಷ್ಟೇ. ಮನ್ನಿಸಲೇಬೇಕೆಂದಿಲ್ಲ.

ಹೊಡೆಸಿಕೊಂಡವನ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ, ಘೋರ ಅಪರಾಧಕ್ಕೆ ಈ ರಿಯಾಯಿತಿ ಬೇಡ. ಇಪ್ಪತ್ತೊಂದರೊಳಗೆ ಮಾಡಿದ ಮೊದಲ ಸಣ್ಣ ತಪ್ಪು, ಆಮೇಲೆ ಐದು ವರ್ಷ ಸ್ವಚ್ಛ ನಡತೆ. ಇಷ್ಟಿದ್ದರೆ ಆ ದಾಖಲೆಗೆ ಬೀಗ ಬೀಳಲಿ. ಇದಕ್ಕೊಂದು ಕಾನೂನು ಬೇಕು. ಅಲ್ಲಿಯವರೆಗೆ ನಗರದ ಕಾನೂನು ಕಾಲೇಜುಗಳೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ ಪ್ರತಿ ಹಾಸ್ಟೆಲಿಗೆ ಹೋಗಿ ಒಂದು ಮಾತು ಹೇಳಲಿ: ವಕೀಲರನ್ನು ಕೇಳದೆ ತಪ್ಪೊಪ್ಪಿಕೊಳ್ಳಬೇಡಿ.

ಸುಳ್ಳು ಬರೆದರೆ ಹಳೆಯ ತಪ್ಪಿಗಿಂತ ಆ ಸುಳ್ಳೇ ಕೆಲಸ ಕಳೆಯುತ್ತದೆ ಎಂದು ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಆ ಸವೆದ ಜಾಗದಲ್ಲೇ ಪೆನ್ನಿನಿಂದ ‘ಹೌದು’ ಎಂದು ಬರೆದ, ಕೋರ್ಟಿನ ಆದೇಶದ ಪ್ರತಿ ಲಗತ್ತಿಸಿದ. ಅದರ ಕೆಳಗೇ ಅವನ ಅಂಕಪಟ್ಟಿಯೂ ಇತ್ತು. ಅರ್ಜಿ ಯಾರ ಮೇಜಿಗೆ ಹೋಗುತ್ತದೋ ಅವರು ಅದನ್ನೂ ಅಷ್ಟೇ ಗಮನವಿಟ್ಟು ಓದಲಿ.