ಹೆಸರು ಒಂದು, ಮೀನು ಇನ್ನೊಂದು

ಫೋಲ್ಡರ್ ಹೆಸರು ನೋಡಿ, ಒಳಗಿರೋದೂ ಅದೇ ಅಂತ ನಂಬಿ ಮೋಸ ಹೋಗೋದು ನಮ್ಮ ಐಟಿ ಕೆಲಸದಲ್ಲಿ ಮಾಮೂಲಿ. ಅಮೆರಿಕದ ಕೊಲರಾಡೊದಲ್ಲಿ ಒಂದು ಮೀನಿನ ವಿಷಯದಲ್ಲೂ ಹೀಗೇ ಆಯ್ತು.

ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಟ್ರೌಟ್ ಅಲ್ಲಿನ ರಾಜ್ಯ ಮೀನು. ಗಣಿಗಳ ಕೊಳೆ, ಮಿತಿಮೀರಿದ ಮೀನುಗಾರಿಕೆ, ಹೊರಗಿಂದ ತಂದು ಬಿಟ್ಟ ಬೇರೆ ಟ್ರೌಟ್‌ಗಳು ಇದರ ಜಾಗ ಕಿತ್ತುಕೊಂಡವು. 1937ರ ಹೊತ್ತಿಗೆ ಅಳಿದೇ ಹೋಯ್ತು ಅಂದುಕೊಂಡರು. 1950ರ ದಶಕದಲ್ಲಿ ಮತ್ತೆ ಸಿಕ್ಕಿತು ಅಂತ ಖುಷಿಪಟ್ಟು, ಆ ಮೀನನ್ನೇ ಸಾಕಿ ಹಲವು ತೊರೆಗಳಿಗೆ ಬಿಟ್ಟರು.

2012ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಮ್ಯೂಸಿಯಂಗಳಲ್ಲಿದ್ದ 19ನೇ ಶತಮಾನದ ಮೀನುಗಳ ಡಿಎನ್‌ಎ ತೆಗೆದು ಹೋಲಿಸಿದರು. ಅಷ್ಟು ವರ್ಷ ಸಾಕಿದ್ದು ಬೇರೆ ತಳಿ! ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದು ಬೇರ್ ಕ್ರೀಕ್ ಅನ್ನೋ ಒಂದೇ ತೊರೆಯಲ್ಲಿ, ಸುಮಾರು ಆರು ಕಿಲೋಮೀಟರ್ ಉದ್ದಕ್ಕೆ. ಅದೂ ಅದರ ತವರಲ್ಲ. ತವರು ಸೌತ್ ಪ್ಲಾಟ್ ನದಿಯ ಜಲಾನಯನ. 19ನೇ ಶತಮಾನದ ಕೊನೆಗೆ ಪೈಕ್ಸ್ ಪೀಕ್ ಬೆಟ್ಟದ ದಾರಿಯಲ್ಲಿ ಹೋಟೆಲ್ ಇಟ್ಟಿದ್ದವರೊಬ್ಬರು ಪ್ರವಾಸಿಗರಿಗಾಗಿ ತಂದು ಬಿಟ್ಟಿದ್ದರಂತೆ.

ಒಂದೇ ತೊರೆಯ ಮೀನುಗಳಲ್ಲಿ ಆನುವಂಶಿಕ ವೈವಿಧ್ಯ ಕಮ್ಮಿ. ಒಂದು ಕಾಳ್ಗಿಚ್ಚು, ಒಂದು ರೋಗ ಬಂದರೂ ಕಥೆ ಮುಗೀತು. ಹಾಗಾಗಿ ಅದರ ಮರಿಗಳನ್ನ ಬೆಳೆಸಿ ತವರಿನ ತೊರೆಗಳಿಗೆ ಬಿಡತೊಡಗಿದರು. 2022ರಲ್ಲಿ ಹರ್ಮನ್ ಗಲ್ಚ್ ತೊರೆಯಲ್ಲಿ ಅವು ತಾವಾಗಿಯೇ ಮರಿ ಮಾಡ್ತಿರೋದು ಖಚಿತವಾಯ್ತು.

ಉಳಿಸೋಕೆ ಪ್ರೀತಿ, ಶ್ರಮ ಎರಡೂ ಬೇಕು. ಅದಕ್ಕೂ ಮೊದಲು, ಉಳಿಸ್ತಿರೋದು ಯಾರನ್ನ ಅಂತ ಗೊತ್ತಿರಬೇಕು. ಅದು ಗೊತ್ತಾಗಿದ್ದು, ನೂರೈವತ್ತು ವರ್ಷದ ಹಿಂದೆ ಯಾರೋ ಬಾಟಲಿಯಲ್ಲಿ ಜೋಪಾನ ಮಾಡಿಟ್ಟ ಮೀನುಗಳಿಂದ.