ಹುಟ್ಟು, ಗಾಳ, ಒಂದಿಷ್ಟು ಮೌನ

ಫೈಟಿಂಗೇ ಇಲ್ಲದ ಚಿತ್ರ ನೋಡ್ತೀರಾ ಗೆಳೆಯರೇ? ಹಾಗಾದ್ರೆ 1981ರ ‘ಆನ್ ಗೋಲ್ಡನ್ ಪಾಂಡ್’ ನೋಡಿ. ಮುದುಕನ ಪಾತ್ರದಲ್ಲಿ ಹೆನ್ರಿ ಫೋಂಡಾ, ಜೊತೆಗೊಬ್ಬ ಹುಡುಗ, ಒಂದು ದೋಣಿ, ಆಟವಾಡಿಸುವ ಒಂದು ದೊಡ್ಡ ಮೀನು... ಆದ್ರೂ ಕಣ್ಣು ಒದ್ದೆಯಾಗುತ್ತೆ!

ಚಿತ್ರೀಕರಣ ನಡೆದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದಲ್ಲಿ. ಚಿತ್ರದಲ್ಲಿರೋದು ಬೇಸಿಗೆ, ಮೋಟಾರ್ ಬೋಟು, ಟ್ರೌಟ್ ಮೀನು. ನನ್ನ ಕೇಳಿದರೆ ಅಲ್ಲಿನ ನಿಜವಾದ ಮಜಾ ಅಕ್ಟೋಬರಿನಲ್ಲಿ! ಬೇಸಿಗೆಯ ಜಾತ್ರೆ ಮುಗಿದಿರುತ್ತೆ. ದಡದ ಮೇಪಲ್ ಮರಗಳು ಕುಂಕುಮ ಬಳಿದುಕೊಂಡಿರುತ್ತವೆ. ನೀರು ತಣ್ಣಗಾದಂತೆ ಸ್ಮಾಲ್‌ಮೌತ್ ಬಾಸ್ ಮೀನು, ಚಳಿಗಾಲಕ್ಕೆ ಮುಂಚೆ ಮೈ ತುಂಬಿಸಿಕೊಳ್ಳಲು ಹಸಿದು ತಿರುಗುತ್ತೆ. ಕನೂ ಅಂದ್ರೆ ಕಿರಿದಾದ ಹಗುರ ದೋಣಿ. ಎಂಜಿನ್ ಸದ್ದಿಲ್ಲ, ಹುಟ್ಟು ಹಾಕಿದರೆ ಬಂಡೆ ಪಕ್ಕಕ್ಕೇ ಕಳ್ಳಹೆಜ್ಜೆಯಲ್ಲಿ ಸಾಗುತ್ತೆ. ಗಾಳ ಕಚ್ಚಿದ ಬಾಸ್ ಚಂಗನೆ ನೀರಿನಿಂದ ಮೇಲೆ ಹಾರಿದಾಗ... ಯಾವ ಸ್ಟಂಟ್ ಮಾಸ್ಟರ್ ಬೇಕ್ರೀ! ಆದ್ರೆ ಖುಷಿಗೆ ಎದ್ದು ನಿಂತಿರೋ, ದೋಣಿ ಮಗುಚಿತು!

ಎದ್ದು ನಿಲ್ಲೋಕಾಗಲ್ಲ, ಮುನಿಸಿಕೊಂಡು ಹೊರಟುಹೋಗೋಕೂ ಆಗಲ್ಲ. ಒಂದೇ ದೋಣೀಲಿ ಕೂತವರು ಒಬ್ಬರನ್ನೊಬ್ಬರು ಸಹಿಸಲೇಬೇಕು. ಬಹುಕಾಲ ಮನಸ್ತಾಪವಿದ್ದ ಅಪ್ಪ-ಮಗಳು ಹೆನ್ರಿ ಮತ್ತು ಜೇನ್ ಫೋಂಡಾ ಒಟ್ಟಿಗೆ ನಟಿಸಿದ್ದು ಇದೊಂದೇ ಚಿತ್ರ. 1982ರ ಮಾರ್ಚಿನಲ್ಲಿ ಅಪ್ಪನ ಆಸ್ಕರ್ ಪ್ರಶಸ್ತಿಯನ್ನು ಮಗಳೇ ಸ್ವೀಕರಿಸಿದಳು. ಆಗಸ್ಟಿನಲ್ಲಿ ಅಪ್ಪ ಕಣ್ಮುಚ್ಚಿದರು.

ನೀವೂ ಅಪ್ಪನ ಜೊತೆ ಮಾತು ಬಿಟ್ಟಿದ್ದೀರಾ? ಈ ಭಾನುವಾರ ಗಾಳ ಹಿಡಿದು ಊರ ಕೆರೆಗೆ ಕರೆದುಕೊಂಡು ಹೋಗಿ. ಮೀನು ಬೀಳದಿದ್ರೂ ಪರವಾಗಿಲ್ಲ!