ಅಧಿಕ ಬಡ್ಡಿಯ ಆಮಿಷ ಹಾಗೂ ದೂರವಾಣಿ ವಂಚನೆ: ಹುಬ್ಬಳ್ಳಿ-ಧಾರವಾಡದ ನಾಗರಿಕರು ಅರಿಯಬೇಕಾದ ಅಂಶಗಳು

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಉತ್ತರ ಕರ್ನಾಟಕದ ಪ್ರಮುಖ ವಾಣಿಜ್ಯ ಹಾಗೂ ಶೈಕ್ಷಣಿಕ ಕೇಂದ್ರವಾಗಿದೆ. ನೈರುತ್ಯ ರೈಲ್ವೆಯ ಪ್ರಧಾನ ಕಚೇರಿ, ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಹಾಗೂ ವಿಶ್ವವಿದ್ಯಾಲಯಗಳಿರುವ ಈ ನಗರದಲ್ಲಿ ನಿವೃತ್ತ ನೌಕರರು, ವರ್ತಕರು ಮತ್ತು ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಇವರ ಉಳಿತಾಯವೇ ವಂಚಕರ ಗುರಿಯಾಗಿರುವುದರಿಂದ ವಂಚನೆಯ ವಿಧಾನಗಳನ್ನೂ ಕಾನೂನಿನ ರಕ್ಷಣೆಯನ್ನೂ ಸಾರ್ವಜನಿಕರು ಅರಿತಿರುವುದು ಅವಶ್ಯಕವಾಗಿದೆ.

ಕಲಘಟಗಿ ಪ್ರಕರಣದ ಪಾಠ

ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಹರ್ಷಾ ಎಂಟರ್‌ಟೈನ್‌ಮೆಂಟ್ ಎಂಬ ಹೆಸರಿನಲ್ಲಿ ಅಧಿಕ ಬಡ್ಡಿಯ ಭರವಸೆ ನೀಡಿ ಸಾರ್ವಜನಿಕರಿಂದ ಠೇವಣಿ ಸಂಗ್ರಹಿಸಿ ವಂಚಿಸಿದ ಆರೋಪವು 2017ರಲ್ಲಿ ಬೆಳಕಿಗೆ ಬಂದಿತು. ಬೆಂಗಳೂರಿನಲ್ಲಿ 2005ರ ವಿನಿವಿಂಕ್ ಪ್ರಕರಣ ಹಾಗೂ 2019ರ ಐಎಂಎ ಪ್ರಕರಣಗಳೂ ಇದೇ ಬಗೆಯವು. ಮೂರರಲ್ಲಿಯೂ ಹಣ ತೊಡಗಿಸಿದವರು ಸಾಮಾನ್ಯ ಕುಟುಂಬದವರು. ಇಂತಹ ಯೋಜನೆಗಳು ಹರಡುವುದು ಜಾಹೀರಾತಿಗಿಂತ ಹೆಚ್ಚಾಗಿ ನೆರೆಹೊರೆಯವರು, ಬಂಧುಗಳು ಮತ್ತು ಸಹೋದ್ಯೋಗಿಗಳ ಮಾತಿನಿಂದ. "ನನಗೆ ಪ್ರತಿ ತಿಂಗಳು ಬಡ್ಡಿ ತಪ್ಪದೆ ಬರುತ್ತಿದೆ" ಎಂಬ ಪರಿಚಿತರ ಮಾತನ್ನು ಜನರು ಯಾವುದೇ ದಾಖಲೆಗಿಂತ ಹೆಚ್ಚಾಗಿ ನಂಬುತ್ತಾರೆ.

ಈ ಬಡ್ಡಿ ಎಲ್ಲಿಂದ ಬರುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗೆ, 100 ಜನರಿಂದ ತಲಾ ರೂ. 1 ಲಕ್ಷದಂತೆ ರೂ. 1 ಕೋಟಿ ಸಂಗ್ರಹಿಸಿ ತಿಂಗಳಿಗೆ ಶೇ. 3ರಂತೆ ಬಡ್ಡಿ ನೀಡಿದರೆ ತಿಂಗಳಿಗೆ ರೂ. 3 ಲಕ್ಷ, ವರ್ಷಕ್ಕೆ ರೂ. 36 ಲಕ್ಷ ಬೇಕಾಗುತ್ತದೆ. ಯಾವ ವ್ಯವಹಾರವನ್ನೂ ಮಾಡದೆ ಸಂಗ್ರಹಿಸಿದ ಹಣದಿಂದಲೇ ಪಾವತಿಸುತ್ತಾ ಹೋದರೆ 33 ತಿಂಗಳವರೆಗೆ ಬಡ್ಡಿ ತಪ್ಪುವುದಿಲ್ಲ. 34ನೇ ತಿಂಗಳಲ್ಲಿ ಹಣ ಸಾಲದೆ ಬರುತ್ತದೆ. ಅಂದರೆ ಠೇವಣಿದಾರನು ಬಡ್ಡಿಯೆಂದು ಭಾವಿಸಿದ್ದು ತನ್ನದೇ ಅಸಲಿನ ಭಾಗವಾಗಿರುತ್ತದೆ. ಹೊಸ ಠೇವಣಿದಾರರು ಸೇರಿದಂತೆಲ್ಲ ಈ ಅವಧಿ ವಿಸ್ತರಿಸುತ್ತದೆ; ಅದರೊಂದಿಗೆ ನಷ್ಟಕ್ಕೊಳಗಾಗುವವರ ಸಂಖ್ಯೆಯೂ ಹೆಚ್ಚುತ್ತದೆ. ಆದ್ದರಿಂದ ಕೆಲವು ತಿಂಗಳು ಬಡ್ಡಿ ಬಂದಿರುವುದು ಸಂಸ್ಥೆಯ ಪ್ರಾಮಾಣಿಕತೆಗೆ ಪುರಾವೆಯಾಗಲಾರದು.

ಕಾನೂನಿನ ರಕ್ಷಣೆ

ಕರ್ನಾಟಕ ಹಣಕಾಸು ಸಂಸ್ಥೆಗಳಲ್ಲಿನ ಠೇವಣಿದಾರರ ಹಿತರಕ್ಷಣಾ ಅಧಿನಿಯಮ, 2004ರ ಅಡಿಯಲ್ಲಿ ಸರ್ಕಾರವು ಸಕ್ಷಮ ಪ್ರಾಧಿಕಾರವನ್ನು ನೇಮಿಸಿ, ವಂಚಕ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಣ ಹಂಚಲು ಅವಕಾಶವಿದೆ. ಕೇಂದ್ರ ಸರ್ಕಾರದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮ, 2019ರ ಪ್ರಕಾರ ಅನಿಯಂತ್ರಿತ ಯೋಜನೆಯಲ್ಲಿ ಠೇವಣಿ ಸ್ವೀಕರಿಸುವುದು 2ರಿಂದ 7 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಗಿದೆ. ತಿಳಿದೂ ಸುಳ್ಳು ಭರವಸೆ ನೀಡಿ ಇತರರನ್ನು ಇಂತಹ ಯೋಜನೆಗೆ ಸೇರಿಸುವವರೂ ಶಿಕ್ಷಾರ್ಹರು. ಕಮಿಷನ್ ಆಸೆಗೆ ಏಜೆಂಟರಾಗುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆದರೆ ಜಪ್ತಿಯಾದ ಆಸ್ತಿಯು ಎಲ್ಲರ ಬಾಕಿಗೂ ಸಾಕಾಗುವುದೆಂಬ ಖಾತರಿಯಿಲ್ಲ. ಹಣ ತೊಡಗಿಸುವ ಮೊದಲಿನ ವಿಚಾರಣೆಯೇ ಉತ್ತಮ ರಕ್ಷಣೆಯಾಗಿದೆ. ಬ್ಯಾಂಕ್ ಠೇವಣಿಗಳಿಗೆ 2020ರ ಫೆಬ್ರವರಿ 4ರಿಂದ ಪ್ರತಿ ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರನಿಗೆ ರೂ. 5 ಲಕ್ಷದವರೆಗೆ ವಿಮಾ ರಕ್ಷಣೆ ನೀಡಲಾಗಿದೆ. ಪತ್ತಿನ ಸಹಕಾರ ಸಂಘಗಳು ಹಾಗೂ ಸೌಹಾರ್ದ ಸಹಕಾರಿಗಳಲ್ಲಿನ ಠೇವಣಿಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಹೆಸರಿನಲ್ಲಿ "ಸಹಕಾರಿ" ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕ್ ಅಲ್ಲ ಎಂಬುದನ್ನು ನಾಗರಿಕರು ಅರಿಯಬೇಕು.

ದೂರವಾಣಿ ಹಾಗೂ ಅಂತರಜಾಲ ವಂಚನೆ

ಠೇವಣಿ ವಂಚನೆಯು ದುರಾಸೆಗಿಂತ ಹೆಚ್ಚಾಗಿ ನಂಬಿಕೆಯನ್ನು ಬಳಸಿಕೊಂಡರೆ, ದೂರವಾಣಿ ವಂಚನೆಯು ಭಯವನ್ನು ಬಳಸಿಕೊಳ್ಳುತ್ತದೆ. ಪೊಲೀಸ್, ಸಿಬಿಐ ಅಥವಾ ಕಸ್ಟಮ್ಸ್ ಅಧಿಕಾರಿಯೆಂದು ಹೇಳಿಕೊಂಡು ವೀಡಿಯೊ ಕರೆ ಮಾಡಿ, "ಡಿಜಿಟಲ್ ಅರೆಸ್ಟ್" ಎಂದು ಬೆದರಿಸಿ ಹಣ ವರ್ಗಾಯಿಸಿಕೊಳ್ಳುವ ಕೃತ್ಯಗಳು ನಡೆದಿವೆ. ಪ್ರಧಾನ ಮಂತ್ರಿಯವರು 2024ರ ಅಕ್ಟೋಬರ್ 27ರ "ಮನ್ ಕಿ ಬಾತ್" ಕಾರ್ಯಕ್ರಮದಲ್ಲಿ ಈ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ ಕರೆಯ ಧ್ವನಿಮುದ್ರಣವು ವಿಜಯಪುರದ ನಾಗರಿಕರೊಬ್ಬರದ್ದಾಗಿತ್ತು. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಕುಟುಂಬದವರಿಗೆ ತಿಳಿಸಬಾರದೆಂದು ಕರೆ ಮಾಡಿದವರು ಒತ್ತಾಯಿಸಿದರೆ ಅದನ್ನೇ ವಂಚನೆಯ ಲಕ್ಷಣವೆಂದು ತಿಳಿಯಬೇಕು.

ಸಾರ್ವಜನಿಕರು ಪಾಲಿಸಬೇಕಾದ ಕ್ರಮಗಳು

1) ಹಣ ತೊಡಗಿಸುವ ಮೊದಲು ಸಂಸ್ಥೆಯು ಯಾವ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆ, ಠೇವಣಿ ಸ್ವೀಕರಿಸಲು ಅನುಮತಿ ಇದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ "ಸಚೇತ್" ಪೋರ್ಟಲ್‌ನಲ್ಲಿ ಪರಿಶೀಲಿಸುವುದು. ಕೇವಲ ಕಂಪನಿ ನೋಂದಣಿ ಪತ್ರವು ಠೇವಣಿ ಪಡೆಯಲು ಅನುಮತಿಯಲ್ಲ.

2) ಒಟಿಪಿ, ಪಿನ್ ಸಂಖ್ಯೆಗಳನ್ನು ಯಾರಿಗೂ ತಿಳಿಸದಿರುವುದು. ಯುಪಿಐ ಮೂಲಕ ಹಣ ಸ್ವೀಕರಿಸಲು ಪಿನ್ ನಮೂದಿಸುವ ಅಗತ್ಯವಿಲ್ಲ.

3) ವಿದ್ಯಾರ್ಥಿಗಳು ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆ ಅಥವಾ ಸಿಮ್ ಕಾರ್ಡನ್ನು ಇತರರ ಬಳಕೆಗೆ ನೀಡದಿರುವುದು. ವಂಚನೆಯ ಹಣ ಆ ಖಾತೆಯ ಮೂಲಕ ಸಾಗಿದಲ್ಲಿ ತನಿಖೆಯು ಮೊದಲು ಖಾತೆದಾರನ ಬಳಿಗೇ ಬರುತ್ತದೆ.

4) ಹಣ ಕಳೆದುಕೊಂಡ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಗರದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವುದು ಹಾಗೂ ಬ್ಯಾಂಕಿಗೆ ತಿಳಿಸುವುದು. ಹಣವು ಮತ್ತೊಂದು ಖಾತೆಗೆ ಸಾಗುವ ಮೊದಲೇ ತಡೆಹಿಡಿಯಲು ಇದರಿಂದ ಸಾಧ್ಯವಾಗುತ್ತದೆ.

5) ರಸೀದಿ, ಬಾಂಡ್, ಚೆಕ್, ಸಂದೇಶ ಹಾಗೂ ಬ್ಯಾಂಕ್ ವಿವರಣಾ ಪಟ್ಟಿಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು. ಜಪ್ತಿಯಾದ ಆಸ್ತಿಯಿಂದ ಪಾಲು ಕೋರುವಾಗ ಇವೇ ಆಧಾರ.

ಮೋಸ ಹೋದವರಲ್ಲಿ ಹಲವರು ಸಂಕೋಚದಿಂದ ಅಥವಾ ಪರಿಚಿತ ಏಜೆಂಟರ ಮುಲಾಜಿಗೆ ದೂರು ನೀಡದೆ ಉಳಿಯುತ್ತಾರೆ. ಇದರಿಂದ ಅದೇ ಬಡಾವಣೆಯ ಮತ್ತಷ್ಟು ಕುಟುಂಬಗಳು ಹಣ ಕಳೆದುಕೊಳ್ಳುತ್ತವೆ. ಆದುದರಿಂದ ಮೊತ್ತ ಎಷ್ಟೇ ಇರಲಿ, ವಿಳಂಬವಿಲ್ಲದೆ ದೂರು ದಾಖಲಿಸಿ, ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ಈ ಮಾಹಿತಿಯನ್ನು ತಿಳಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.